ತಮ್ಮನ ಕುರ್ಚಿಯ ಮೇಲೆ ಪತಂಗ

ಆ ಬೆಳಿಗ್ಗೆ ಕ್ಷೌರದಂಗಡಿಯಲ್ಲಿ ಇತ್ಯರ್ಥವಾಗಬೇಕಿದ್ದದ್ದು ಬಹು ಗಂಭೀರವಾದ ಪ್ರಶ್ನೆ: ಮಲಗಿರುವ ಪತಂಗವನ್ನು ಎಬ್ಬಿಸುವ ಅಧಿಕಾರ ಯಾರದ್ದು?

ಪತಂಗವೆಂದರೆ ದೀಪಕ್ಕೆ ಮುತ್ತುವ ಪುಡಿಹುಳವಲ್ಲ. ರಾತ್ರಿ ಮಳೆಕಾಡಿನ ಕಡೆಯಿಂದ ಅಂಗಡಿಯ ಬೆಳಕಿನ ಜಾಡು ಹಿಡಿದು ಬಂದದ್ದು. ರೆಕ್ಕೆ ಹರಡಿದರೆ ಊಟದ ತಟ್ಟೆಯಗಲ, ಇಟ್ಟಿಗೆ ಬಣ್ಣ, ನಡುವೆ ಗಾಜು ಕೂರಿಸಿದಂಥ ನಾಲ್ಕು ಮಚ್ಚೆ. ಅಣ್ಣತಮ್ಮಂದಿರು ನಡೆಸುತ್ತಿದ್ದ ಆ ಅಂಗಡಿಯ ಎರಡು ಕುರ್ಚಿಗಳಲ್ಲಿ ತಮ್ಮನ ಕುರ್ಚಿಯ ಬೆನ್ನಿಗೆ ಅಂಟಿಕೊಂಡು ನಿದ್ದೆಹೋಗಿತ್ತು. ತಮ್ಮನೋ, ಅದೇ ಕುರ್ಚಿಯನ್ನು ಗಾಡಿಗೆ ಹೇರಿಸಿಕೊಂಡು ಬೇರೆ ಅಂಗಡಿ ಹೂಡಲು ಹೊರಟಿದ್ದ.

ಜಗಳದ ಮೂಲ ಸಣ್ಣದು. ತಮ್ಮ ಯಾರ ತಲೆ ಮುಗಿಸಿದರೂ ಅಣ್ಣ ಬಂದು, ಮಾತಿಲ್ಲದೆ, ಗಿರಾಕಿಯ ಕಿವಿಯ ಹಿಂದೆ ಎರಡು ಸಲ ಕತ್ತರಿ ಆಡಿಸಿ ಹೋಗುತ್ತಿದ್ದ. ಕೂದಲು ಉದುರುತ್ತಿರಲಿಲ್ಲ, ತಮ್ಮನ ಮರ್ಯಾದೆ ಉದುರುತ್ತಿತ್ತು.

ಅವನು ಹೋಗುವುದು ಅಣ್ಣನಿಗೆ ಬೇಡವಾಗಿತ್ತು. ಹೇಳಲು ಬಾಯಿ ಬರಲಿಲ್ಲ. ಪತಂಗ ನೆಪವಾಗಿ ಸಿಕ್ಕಿತು.

"ರಾತ್ರಿ ಹುಳ ಅದು. ಈ ಬಿಸಿಲಿಗೆ ಎಬ್ಬಿಸಿದ್ರೆ ಕಾಗೆ ಪಾಲಾಗುತ್ತೆ. ಕತ್ತಲಾಗ್ಲಿ, ತಾನೇ ಹೋಗುತ್ತೆ. ಆಮೇಲೆ ತಗೊಂಡು ಹೋಗು."

ಗಾಡಿಯವನು ಒಳಗೆ ಇಣುಕಿ, "ನಾನು ಸಾಗಿಸ್ಬೇಕಾಗಿರೋದು ಕುರ್ಚಿನೋ, ಬಾಣಂತಿನೋ?" ಎಂದು ಕೇಳಿ, ಸಂಜೆ ಬರುತ್ತೇನೆಂದು ಹೋದ. ತಮ್ಮ ಪತಂಗದ ಮೇಲೆ ಬಿಸಿಲು ಬೀಳದಂತೆ ಪರದೆ ಎಳೆದ.

ಉಳಿದೊಂದು ಕುರ್ಚಿಯಲ್ಲೇ ಇಬ್ಬರ ಗಿರಾಕಿಗಳೂ ಕೂರಬೇಕಾಯಿತು. ಒಬ್ಬ ತಲೆ, ಒಬ್ಬ ಗಡ್ಡವೆಂದು ಹಂಚಿಕೊಂಡು, ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೆಲಸ ಮಾಡಿದರು. ರೆಕ್ಕೆ ಅದುರುತ್ತದೆಂದು ಫ್ಯಾನ್ ಹಾಕಲಿಲ್ಲ. ಬೆವರಿಳಿಯುತ್ತಿದ್ದ ಗಿರಾಕಿಯೊಬ್ಬರು ಕಾರಣ ಕೇಳಿದಾಗ, ದೂರದ ನೆಂಟರು ಮಲಗಿದ್ದಾರೆ ಎಂದ ತಮ್ಮ. ಅಣ್ಣ ನಗು ಬಚ್ಚಿಡಲು ಕೆಮ್ಮಿದ.

ಮಧ್ಯಾಹ್ನ ಗಿರಾಕಿಗಳು ಖಾಲಿಯಾದ ಮೇಲೆ ಅಣ್ಣ ತಾನೇ ಕುರ್ಚಿಯೇರಿ ಬಟ್ಟೆ ಹೊದ್ದುಕೊಂಡ.

"ನನ್ನ ತಲೆ ಸ್ವಲ್ಪ ನೋಡಪ್ಪ."

ತಮ್ಮ ಬಾಚಣಿಗೆ ಕೈಗೆತ್ತಿಕೊಂಡ. "ಆಮೇಲೆ ತಿದ್ದೋರು ಯಾರು?"

"ನನ್ನ ಕಿವಿ ಹಿಂದೆ ನಂಗೇನು ಕಾಣುತ್ತಾ? ನೀನು ಮಾಡಿದ್ದೇ ಕೊನೆ."

ತಮ್ಮ ಬಹಳ ಹೊತ್ತು ತೆಗೆದುಕೊಂಡ. ನಿಜ ಹೇಳಬೇಕೆಂದರೆ, ಅಲ್ಲಿದ್ದ ಕೂದಲಿಗೆ ಅಷ್ಟು ಹೊತ್ತು ಬೇಕಿರಲಿಲ್ಲ.

ಕತ್ತಲಾದಾಗ ಪತಂಗ ಮೈ ನಡುಗಿಸಿ, ರೆಕ್ಕೆ ಕೊಡವಿ, ಬಾಗಿಲಿನಿಂದ ಹಾರಿಹೋಯಿತು. ಇಬ್ಬರೂ ಹೊಸ್ತಿಲಲ್ಲಿ ನಿಂತು ಅದು ಮರೆಯಾಗುವವರೆಗೆ ನೋಡಿದರು. ಗಾಡಿಯವನು ಬಂದ. ಬಂದದ್ದು ದಂಡವಾಗಬಾರದೆಂದು ತಮ್ಮ ಅವನನ್ನು ಅದೇ ಕುರ್ಚಿಯಲ್ಲಿ ಕೂರಿಸಿ ಗಡ್ಡ ತೆಗೆದು ಕಳಿಸಿದ. ಕುರ್ಚಿ ಇದ್ದಲ್ಲೇ ಉಳಿಯಿತು.