ಮೂಲೆಯ ಸಣ್ಣ ಬ್ಯಾಂಕು

ಬೀಗ ರಿಪೇರಿಯವನು ಹೆಂಡತಿಯ ಮೇಲೆ ಮುಖ ಊದಿಸಿಕೊಂಡು ಎರಡು ತಿಂಗಳಾಗಿತ್ತು. ಕಾರಣ ಬೆಟ್ಟದಷ್ಟೇನಲ್ಲ, ಗಂಡಸರ ಸಿಟ್ಟಿಗೆ ಅಷ್ಟು ಬೇಕಾಗುವುದೂ ಇಲ್ಲ. ಮನೆಯ ಉಳಿತಾಯವೆಲ್ಲ ಚೌಕದ ದೊಡ್ಡ ಬ್ಯಾಂಕಿನಲ್ಲಿ ಬೆಚ್ಚಗೆ ಮಲಗಿದ್ದಾಗ ಅವಳು ಅರ್ಧ ತೆಗೆದು ಮೂಲೆಯ ಸಣ್ಣ ಬ್ಯಾಂಕಿಗೆ ಹಾಕಲು ಹೊರಟಿದ್ದಳು.

"ದೊಡ್ಡ ಬ್ಯಾಂಕಿನ ಬೀಗ ನನ್ನ ಕೈಲೇ ತೆಗೆಯೋಕಾಗಲ್ಲ, ಕಳ್ಳ ಏನು ತೆಗೀತಾನೆ?" ಎಂದು ಅವನು ರೇಗಿದ್ದ.

"ಕಳ್ಳನ ಭಯ ಯಾರಿಗಿದೆ ರೀ? ಅವರ ಕಂಪ್ಯೂಟರ್ ಕೆಟ್ಟು ಕೂತ್ರೆ ಏನ್ಮಾಡ್ತೀರಿ? ನಿಮ್ಮ ಹತ್ರ ದಿನಾ ಓಡಿ ಬರೋರು ಯಾರು? ಒಳ್ಳೇ ಬೀಗ ಹಾಕಿ ತಾವೇ ಹೊರಗೆ ನಿಂತೋರು ತಾನೇ?"

ಅವನು ಅದೇ ಸಿಟ್ಟಿನಲ್ಲಿ, ಅವಳು ಮುಂದಿಟ್ಟ ಕಾಗದಗಳಿಗೆಲ್ಲ ಓದದೆ ಸಹಿ ಗೀಚಿದ. ಇವಳು ತನ್ನದೇ ಗಂಟು ಕಟ್ಟಿಕೊಳ್ಳುತ್ತಿದ್ದಾಳೆ ಎಂಬ ಹುಳ ಅಂದೇ ತಲೆಗೆ ಹೊಕ್ಕಿತು.

ಅವರ ಅಂಗಡಿ ಬಾಡಿಗೆಯದು. ಮಾಲೀಕರಾದ ಅಜ್ಜಿ ಅದನ್ನು ಮಾರಲು ಹೊರಟಿದ್ದರು. ಪಕ್ಕದ ಔಷಧಿ ಅಂಗಡಿಯವನೂ ಅದರ ಮೇಲೆ ಕಣ್ಣು ಹಾಕಿದ್ದ. ಶುಕ್ರವಾರ ಸಂಜೆಯೊಳಗೆ ಯಾರು ಮುಂಗಡ ತರುತ್ತಾರೋ ಅವರಿಗೆ ಅಂಗಡಿ ಎಂದಿದ್ದರು ಅಜ್ಜಿ.

ಆ ಶುಕ್ರವಾರವೇ ದೊಡ್ಡ ಬ್ಯಾಂಕು ಕೈಕೊಟ್ಟಿತು. "ಸಿಸ್ಟಮ್ ಕೆಟ್ಟಿದೆ. ನಿಮ್ಮ ದುಡ್ಡು ಎಲ್ಲೂ ಹೋಗಲ್ಲ, ಸೋಮವಾರ ಬನ್ನಿ," ಎಂದಳು ಕೌಂಟರಿನವಳು. ದುಡ್ಡು ಎಲ್ಲೂ ಹೋಗುವುದಿಲ್ಲ, ನಿಜ. ಅಜ್ಜಿಯ ಮನೆಗೂ ಹೋಗುವುದಿಲ್ಲ. ಅವನು ಪೆಚ್ಚುಮೋರೆ ಹಾಕಿಕೊಂಡು ಅಂಗಡಿಗೆ ಬಂದ.

ಹೆಂಡತಿ ಕೀಲಿ ಕೊರೆಯುವ ಯಂತ್ರದಿಂದ ತಲೆಯೆತ್ತಲಿಲ್ಲ. "ಮೂಲೆ ಬ್ಯಾಂಕಿಂದ ತನ್ನಿ. ಅರ್ಧ ಮುಂಗಡ ಆದ್ರೂ ಆಗುತ್ತೆ."

"ನಿನ್ನ ದುಡ್ಡನ್ನ ನನಗ್ಯಾಕೆ ಕೊಡ್ತಾರೆ?"

"ನನ್ನದು ಅಂದೋರ್ಯಾರು? ಇಬ್ಬರ ಹೆಸರೂ ಇದೆ, ಮೊದಲನೇದು ನಿಮ್ಮದೇ. ಸಹಿ ಹಾಕಿದೀರಲ್ಲ?"

ಅವನಿಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು. ಹಿಂದೆಯೇ ಕುಣಿಯೋಣ ಅಂತಲೂ ಅನ್ನಿಸಿತು. ಎರಡಕ್ಕೂ ಪುರಸೊತ್ತಿರಲಿಲ್ಲ, ಓಡಿದ.

ದುಡ್ಡು ಹಿಡಿದು ಅಜ್ಜಿಯ ಮನೆ ಮುಟ್ಟಿದರೆ, ಔಷಧಿ ಅಂಗಡಿಯವನು ಆಗಲೇ ಬೆತ್ತದ ಕುರ್ಚಿಯಲ್ಲಿ ಕೂತಿದ್ದಾನೆ. ಅಂಗಡಿ ಕೈತಪ್ಪಿತು ಎಂದುಕೊಂಡ ಇವನು. ಆದರೆ ಅವನು ಫೋನು ಅಲ್ಲಾಡಿಸುತ್ತ, "ಪೂರ್ತಿ ಮುಂಗಡ ಇದೆ ಅಜ್ಜಿ, ಇದರೊಳಗೇ ಇದೆ. ಸೋಮವಾರ ತೋರಿಸ್ತೀನಿ," ಎಂದು ಬೆವರು ಒರೆಸಿಕೊಳ್ಳುತ್ತಿದ್ದ. ಅವನದೂ ಅದೇ ದೊಡ್ಡ ಬ್ಯಾಂಕು.

ಅಜ್ಜಿ ಇಬ್ಬರನ್ನೂ ನೋಡಿದರು. "ನಿಂದು ಪೂರ್ತಿ, ಆದ್ರೆ ಕಾಣಲ್ಲ. ಇವನದು ಅರ್ಧ, ಆದ್ರೆ ಕೈಲಿದೆ," ಎಂದು ನೋಟುಗಳನ್ನು ಮಡಿಲಿಗೆ ಹಾಕಿಕೊಂಡರು. "ಅಂಗಡಿ ನಿಂದೇ ಕಣಪ್ಪ. ಉಳಿದದ್ದು ನಿನ್ನ ಬ್ಯಾಂಕು ಎದ್ದ ಮೇಲೆ ಕೊಡು."

ಹಾಲು ಕುಡಿದಷ್ಟು ಸಂತೋಷದಲ್ಲಿ ಅವನು ತಿರುಗಿ ಬಂದ. ಇನ್ನು ತಮ್ಮದೇ ಆದ ಬಾಗಿಲಲ್ಲಿ ನಿಂತು, "ಸಿಕ್ತು ಕಣೇ. ನೀನು ಬೇರೆ ಗಂಟು ಕಟ್ಕೋತಿದೀಯ ಅಂದ್ಕೊಂಡಿದ್ದೆ. ತಪ್ಪಾಯ್ತು," ಎಂದ.

"ಅದು ನನಗೆ ಅವತ್ತೇ ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಸಿಟ್ಟಲ್ಲಿ ನಿಮ್ಮ ಬಟ್ಟೆ ನೀವೇ ಒಗೀತಿದ್ರಿ, ನಿಮ್ಮ ತಟ್ಟೆ ನೀವೇ ತೊಳೀತಿದ್ರಿ. ಎರಡು ತಿಂಗಳು ರಾಣಿ ಥರ ಇದ್ದೆ ರೀ, ನಾನ್ಯಾಕೆ ಕೆಡಿಸ್ಕೊಳ್ಳಲಿ?"