ವಾರಿಗೆಯವರು

ಸಮಕಾಲೀನ ಎಂಬ ಪದವೇ ವಾಸಿಯಿತ್ತೇನೋ? ವಾರಿಗೆಯವರು ಎಂದು ಓದಿದರೆ ಈ ಪ್ರಾಧ್ಯಾಪಕರೆಲ್ಲ ನಕ್ಕುಬಿಟ್ಟರೆ? ರಾಮತೀರ್ಥ ನಗರದಲ್ಲಿ ಬಸಲಿಂಗಪ್ಪ ಮಾಸ್ತರರ ನುಡಿನಮನಕ್ಕೆ ಬಂದಿದ್ದ ಕಲ್ಮೇಶ ಕೈಯಲ್ಲಿದ್ದ ಹಾಳೆಯನ್ನು ಮತ್ತೆ ನೋಡಿದ. ಅಜ್ಜ ಬೀರಣ್ಣನಿಗೆ ಓದು ಬರದು. ತೀರಿಹೋದ ಗೆಳೆಯನ ಬಗ್ಗೆ ಅಜ್ಜನ ಎರಡು ಮಾತನ್ನು ಎಂ.ಎ. ಮುಗಿಸಿದ ಮೊಮ್ಮಗನೇ ಓದಬೇಕಿತ್ತು.

ಬೆಳಿಗ್ಗೆ ಖಾನಾಪುರದ ಮನೆಯಲ್ಲಿ ಬರೆದದ್ದನ್ನು ಓದಿ ಹೇಳಿದಾಗ ಅಜ್ಜ ನಡುವೆಯೇ ತಡೆದಿದ್ದ.

"ಸಮಕಾಲೀನ ಅಂದ್ರ ಏನಲೇ?"

"ಒಂದ ಕಾಲದಾಗ ಇದ್ದವರು, ಮುತ್ಯಾ."

"ನನ್ನ ಕುರಿ ಕದ್ದಾಂವನೂ ಆ ಕಾಲದಾಗ ಇದ್ದ. ಅವನ್ನೂ ಸೇರಸ್ತಿ ಏನು?"

ಕಲ್ಮೇಶ ನಕ್ಕ. ಅಜ್ಜ ನಗಲಿಲ್ಲ.

"ವಾರಿಗಿಯವ ಅಂತ ಬರಿ. ಇಬ್ಬರನೂ ಒಂದ ದಿನ ಸಾಲಿಗೆ ಹಾಕಿದ್ರು. ನಾ ಮೂರ ದಿನಕ್ಕ ಕುರಿ ಹಿಂದ ಹೋದ್ನಿ. ಅಂವ ಅಷ್ಟ ದೊಡ್ಡಾಂವ ಆದ್ರೂ, 'ಇಂವ ನನ್ನ ವಾರಿಗಿಯವ' ಅಂತ ಮಂದಿ ಮುಂದ ಹೇಳತಿದ್ದ."

ಕಲ್ಮೇಶ ಹಳೆಯ ಪದವನ್ನು ಹೊಡೆದುಹಾಕಿ, ಅಜ್ಜ ಹೇಳಿದ್ದನ್ನು ಬರೆದುಕೊಂಡಿದ್ದ.

ಈಗ ಹೆಸರು ಕರೆದರು. ಅಜ್ಜ ಮುಂದಿನ ಸಾಲಿನಲ್ಲಿ, ಮಂದವಾದ ಕಿವಿಗೆ ಅಂಗೈ ಆನಿಸಿ ಕುಳಿತಿದ್ದ. ಕಲ್ಮೇಶ ಹೊಡೆದುಹಾಕಿದ 'ಸಮಕಾಲೀನ' ಪದವನ್ನೇ ಓದಿದ. ಸಭೆ ಗಂಭೀರವಾಗಿ ತಲೆದೂಗಿತು.

ಮರಳುವ ಬಸ್ಸಿನಲ್ಲಿ ಅಜ್ಜ ಕೇಳಿದ.

"ನನಗ ನೆಟ್ಟಗ ಕೇಳಸಲಿಲ್ಲ. ವಾರಿಗಿಯವ ಅಂದಿ ಹೌದಿಲ್ಲೋ?"

"ಹೂಂ, ಅಂದೇನಿ ಮುತ್ಯಾ."

"ಛಲೋ ಆತು. ಅವನ ಮಕ್ಕಳಿಗೂ ಗೊತ್ತಾತು."

ಅಜ್ಜ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ. ಆ ಮಾತನ್ನು ತಾನು ಓದಲೇ ಇಲ್ಲವೆಂದು ಕಲ್ಮೇಶ ಅವನಿಗೆ ಎಂದೂ ಹೇಳಲಿಲ್ಲ.