ಉಡಿಕೆ ನಾಯಿ

ಮೂಗಮ್ಮನಿಗೆ ತನ್ನದು ಎಂದು ಹೇಳಿಕೊಳ್ಳಲು ಒಂದು ಬಾಗಿಲು ಇರಲಿಲ್ಲ. ಮೊದಲ ಗಂಡ ಸತ್ತ ಮೇಲೆ ಭಾವಂದಿರು ಅವಳನ್ನು ದನದ ಕೊಟ್ಟಿಗೆಗೆ ಸರಿಸಿದರು. ಕೊಟ್ಟಿಗೆಗೆ ಬಾಗಿಲಿರಲಿಲ್ಲ, ಅಡ್ಡಗೋಲಿತ್ತು. ಅಲ್ಲಿಂದ ತಮ್ಮನ ಮನೆಗೆ ಬಂದರೆ ತಮ್ಮನ ಹೆಂಡತಿ ಪಡಸಾಲೆಯ ಮೂಲೆ ತೋರಿಸಿದಳು. ಮೊಳಕಾಲ್ಮುರಿನ ಆಚೆ, ಆಂಧ್ರದ ಗಡಿಗೆ ತಾಗಿಕೊಂಡಿರುವ ಆ ಊರಿನಲ್ಲಿ ಅವಳು ಕಂಡಕಂಡವರ ಕುರಿ ಕಾದಳು, ಕಂಡಕಂಡವರ ರೊಪ್ಪದಲ್ಲಿ ಕುರಿಗಳ ಜೊತೆ ಮಲಗಿದಳು. ಅವಳದು ಅಂತ ಇದ್ದದ್ದು ಒಂದು ಗಂಡುನಾಯಿ. ಕರಿಮೈ, ಎದೆಯ ಮೇಲೂ ಮುಂಗಾಲಿನ ಮೇಲೂ ಬಿಳಿ ಮಚ್ಚೆ. ಮಚ್ಚೆಯ ನಾಯಿಗೆ ಆ ಕಡೆ ತೆಲುಗಿನಲ್ಲಿ ಇಡುವ ಹೆಸರನ್ನೇ ಇಟ್ಟಿದ್ದಳು, ಬೊಲ್ಲ.

ದೊಡ್ಡಉಳ್ಳಾರ್ತಿಯ ಗಾದ್ರಪ್ಪ ಹೆಂಡತಿಯನ್ನು ಕಳೆದುಕೊಂಡವನು, ಕುರಿ ಇಟ್ಟವನು. ಸಂತೆಯಲ್ಲಿ ಮೂಗಮ್ಮ ಒಂದು ಕುರಿಯ ಬಾಯಿ ತೆರೆದು ಹಲ್ಲು ನೋಡಿ, ಮಾರುವವನು ಹೇಳಿದ ವಯಸ್ಸು ಸುಳ್ಳೆಂದು ಅವನ ಮುಖಕ್ಕೇ ಹೇಳಿದ್ದನ್ನು ಕಂಡು ಮೆಚ್ಚಿದ. ಹಿರಿಯರೊಬ್ಬರನ್ನು ಕಳಿಸಿ ಕೇಳಿಸಿದ. ಗಂಡ ಸತ್ತವಳು ಮತ್ತೊಬ್ಬನ ಮನೆ ಸೇರುವುದಕ್ಕೆ ಉಡಿಕೆ ಅನ್ನುತ್ತಾರೆ. ಅದಕ್ಕೆ ಚಪ್ಪರವಿಲ್ಲ, ವಾಲಗವಿಲ್ಲ. ಗಂಡಸು ಒಂದು ಸೀರೆ ಕೊಡುತ್ತಾನೆ, ಹೆಂಗಸು ಉಡುತ್ತಾಳೆ, ಮುಗಿಯಿತು. ಆಮೇಲೆ ದೀಪ ಹಚ್ಚಿದ ಹೊತ್ತಿಗೆ, ಮುತ್ತೈದೆಯರ ಎದುರಿಗೆ ಬೀಳದ ಹಾಗೆ, ಹಿತ್ತಿಲ ಕಡೆಯಿಂದ ಮನೆಯೊಳಗೆ ಬರಬೇಕು. ಹಾಗೆ ಬರುವುದು ಮರ್ಯಾದೆ ಎಂದು ಹೇಳುವವರೆಲ್ಲ ಮುಂಬಾಗಿಲಿನಿಂದ ಬಂದವರು.

ಮೂಗಮ್ಮ ಮಟಮಟ ಮಧ್ಯಾಹ್ನ ಲಗೇಜ್ ಆಟೊದಿಂದ ಇಳಿದು, ನಡುಬೀದಿಯಲ್ಲಿ ನಡೆದು ಬಂದು, ಒಂದು ಕೈಯಲ್ಲಿ ಬಟ್ಟೆಗಂಟು, ಇನ್ನೊಂದರಲ್ಲಿ ಬೊಲ್ಲನ ಹಗ್ಗ ಹಿಡಿದು ಮುಂಬಾಗಿಲಲ್ಲಿ ನಿಂತಳು. ಬಾಗಿಲಲ್ಲಿ ಗಾದ್ರಪ್ಪನ ಅಕ್ಕ ಯರ್ರಮ್ಮ ಇದ್ದಳು. ತಮ್ಮನ ಹೆಂಡತಿ ಸತ್ತಾಗಿನಿಂದ ಆ ಮನೆಯ ಒಲೆ ಅವಳದು, ಮಾತೂ ಅವಳದು.

“ಸೀರೆ ಉಡಿಸ್ಕೊಂಡು ಬಂದೋಳು ನೀನೊಬ್ಳೋ, ಈ ನಾಯೀನೂ ಸೇರೋ?” ಅಂದಳು ಯರ್ರಮ್ಮ.

“ಇಬ್ರೂನೂ ಅಕ್ಕ,” ಅಂದಳು ಮೂಗಮ್ಮ. “ಸೀರೆ ಒಂದೇ ಕೊಟ್ಟವ್ರೆ, ಅದ್ಕೆ ನಾನು ಉಟ್ಟೀನಿ.”

ಎದುರುಮನೆಯ ಜಗುಲಿಯಲ್ಲಿ ಯಾರೋ ನಕ್ಕರು. ಸಂಜೆಯೊಳಗೆ ಇಡೀ ಕೇರಿ ಬೊಲ್ಲನಿಗೆ ಉಡಿಕೆ ನಾಯಿ ಎಂದು ಹೆಸರಿಟ್ಟಿತು.

ಆದರೆ ನಗುವವರು ನಗುವ ಮೊದಲೇ ಜಗಳ ಶುರುವಾಗಿತ್ತು. ಆ ಮನೆಯಲ್ಲಿ ಮೊದಲೇ ಒಂದು ನಾಯಿಯಿತ್ತು, ಸರ್ದಾರ. ಕಂದು ಬಣ್ಣದ, ಅಗಲ ತಲೆಯ, ಹೊಸ್ತಿಲಿಗೆ ಅಡ್ಡ ಮಲಗುವ ನಾಯಿ. ಹೊಸ ನಾಯಿಯನ್ನು ಹಳೆ ನಾಯಿಯ ಹೊಸ್ತಿಲ ಮೇಲೆ ಮುಖಕ್ಕೆ ಮುಖ ಕೊಟ್ಟು ನಿಲ್ಲಿಸಬಾರದು. ಮೂಗಮ್ಮ ನಿಲ್ಲಿಸಿದ್ದಳು. ಎರಡೂ ಒಂದೇ ಮುದ್ದೆಯಾಗಿ ಅಂಗಳದಲ್ಲಿ ಉರುಳಿದವು. ಗಾದ್ರಪ್ಪ ಒಂದು ಕೊಡ ನೀರು ಸುರಿದ ಮೇಲೆ ಬಿಟ್ಟವು.

ಯರ್ರಮ್ಮ ತೀರ್ಪು ಹೇಳುವುದಕ್ಕೆ ರಾತ್ರಿಯ ತನಕ ಕಾಯಲಿಲ್ಲ. ತಳಕಿನ ಹತ್ತಿರ ಕೋಳಿ ಫಾರಂ ಇಟ್ಟಿದ್ದ ವೀರೇಶನಿಗೆ ಕಾವಲಿಗೊಂದು ನಾಯಿ ಬೇಕಾಗಿತ್ತು. ಅಮಾವಾಸ್ಯೆಯ ತನಕ ನೋಡುವುದು. ಅಷ್ಟರಲ್ಲಿ ಎರಡೂ ಒಂದೇ ಬೋಗುಣಿಯಲ್ಲಿ ಬಾಯಿ ಹಾಕಿ ತಿಂದರೆ ಸರಿ, ಇಲ್ಲದಿದ್ದರೆ ಉಡಿಕೆ ನಾಯಿ ವೀರೇಶನ ಪಾಲು. ಗಾದ್ರಪ್ಪ ಅಕ್ಕನಿಗೆ ಹೂಂ ಅಂದ. ಆಮೇಲೆ ಹೆಂಡತಿ, ಬೊಲ್ಲನನ್ನು ಕಳಿಸುವುದಿಲ್ಲ ತಾನೇ ಎಂದು ಕೇಳಿದಾಗ ಅವಳಿಗೂ ಹೂಂ ಅಂದ.

ವೀರೇಶನ ಪಾಲು ಅಂದರೆ ಏನು ಎಂಬುದು ಎಲ್ಲರಿಗೂ ಗೊತ್ತಿತ್ತು. ಫಾರಂನ ಹಿಂದಿನ ನಾಯಿ ಸರಪಳಿ ಸುತ್ತುವಷ್ಟು ಜಾಗದಲ್ಲೇ ಉಂಡು, ಅಲ್ಲೇ ಹೇತು, ಅಲ್ಲೇ ಸತ್ತಿತ್ತು. ಬೊಲ್ಲನ ಕತ್ತು ಹುಟ್ಟಿದಾಗಿನಿಂದ ಸರಪಳಿ ಕಂಡದ್ದಲ್ಲ. ಮೊದಲ ಗಂಡನ ಮನೆಯವರು ಕುರಿ, ಪಾತ್ರೆ, ಕಂಬಳಿ ಎಲ್ಲ ಹಂಚಿಕೊಂಡಾಗ ಯಾರಿಗೂ ಬೇಡವಾಗಿ ಉಳಿದ ಕುನ್ನಿ ಅದು. ಉಳಿದದ್ದನ್ನೂ ಕೊಡಲು ಅವಳು ಸಿದ್ಧಳಿರಲಿಲ್ಲ.

ನಾಯಿಗಳನ್ನು ಹೊಂದಿಸುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಕುರಿ ಗೊತ್ತಿತ್ತು. ಕುರಿ ಕಾಯುವವರಲ್ಲಿ ಒಂದು ಉಪಾಯವುಂಟು. ಮರಿ ಸತ್ತ ತಾಯಿಕುರಿ ಬೇರೆ ತಬ್ಬಲಿ ಮರಿಗೆ ಮೊಲೆ ಕೊಡುವುದಿಲ್ಲ, ಮೂಸಿ ಒದೆಯುತ್ತದೆ. ಆಗ ಸತ್ತ ಮರಿಯ ಚರ್ಮ ಸುಲಿದು ತಬ್ಬಲಿಯ ಬೆನ್ನಿಗೆ ಕಟ್ಟುತ್ತಾರೆ. ತಾಯಿ ಮೂಸುತ್ತದೆ, ತನ್ನದೇ ಅಂದುಕೊಳ್ಳುತ್ತದೆ, ಕಾಲಗಲಿಸಿ ನಿಲ್ಲುತ್ತದೆ. ಮೂಗಮ್ಮ ಎಷ್ಟೋ ತಬ್ಬಲಿಗಳನ್ನು ಹೀಗೆ ಬದುಕಿಸಿದವಳು. ಕುರಿಗೆ ಆಗುವುದು ನಾಯಿಗೆ ಯಾಕೆ ಆಗುವುದಿಲ್ಲ ಎಂದುಕೊಂಡಳು. ಸರ್ದಾರ ಮಲಗುತ್ತಿದ್ದ ಹಳೇ ಕಂಬಳಿಯ ತುಂಡನ್ನು ಬೊಲ್ಲನ ಬೆನ್ನಿಗೆ ಹುರಿಯಲ್ಲಿ ಕಟ್ಟಿ, ಸರ್ದಾರನ ಮುಂದೆ ಬಿಟ್ಟಳು.

ಸರ್ದಾರನಿಗೆ ಕಂಡದ್ದು ಬಂಧುವಲ್ಲ, ತನ್ನ ಹಾಸಿಗೆ ಕದ್ದವನು.

ಈ ಸಲ ನೀರಿಗೂ ಬಿಡಲಿಲ್ಲ. ಹುರಿ ಮೈಗೆ ಸುತ್ತಿಕೊಂಡಿದ್ದರಿಂದ ಬೊಲ್ಲನಿಗೆ ಓಡುವುದಕ್ಕೂ ಆಗಲಿಲ್ಲ. ಅದರ ಬಲಗಿವಿ ಅರ್ಧ ಹರಿದುಹೋಯಿತು. ಯರ್ರಮ್ಮ ನಡುವೆ ತುರುಕಿದ ಒನಕೆಯನ್ನು ಸರ್ದಾರ ಕಚ್ಚಿ ಒಂದು ಕೋರೆಹಲ್ಲು ಮುರಿದುಕೊಂಡಿತು. ಬಿಡಿಸಲು ಕೈ ಹಾಕಿದ ಗಾದ್ರಪ್ಪನ ಕಿರುಬೆರಳಿನ ಉಗುರು ಬುಡಸಮೇತ ಕಿತ್ತು ಬಂತು. ಯಾವ ನಾಯಿ ಕಚ್ಚಿತೆಂದು ಅವನಿಗೇ ಗೊತ್ತಾಗಲಿಲ್ಲ. ಬೊಲ್ಲನೇ ಎಂದು ಯರ್ರಮ್ಮ ಹೇಳಿದಳು. ಅವನು ಸೂಜಿ ಹಾಕಿಸಿಕೊಳ್ಳಲು ಚಳ್ಳಕೆರೆಗೆ ಹೋಗಿ, ಕೈಗೆ ದೊಡ್ಡ ಬ್ಯಾಂಡೇಜು ಸುತ್ತಿಸಿಕೊಂಡು ಬಂದ.

ಮೂಗಮ್ಮ ಬೊಲ್ಲನ ಕಿವಿಗೆ ಬೇವಿನೆಣ್ಣೆ, ಅರಿಶಿನ ಮೆತ್ತುತ್ತ, ತಪ್ಪು ನಾಯಿಯದಲ್ಲ, ತನ್ನದು, ಕುರಿಯ ಲೆಕ್ಕವನ್ನು ನಾಯಿಗೆ ಹಾಕಿದೆ ಎಂದಳು.

“ಹಂಗಾರೆ ಫಾರಂಗೆ ನಿನ್ನೇ ಕಳಿಸ್ಬೇಕೇನು?” ಅಂದಳು ಯರ್ರಮ್ಮ.

“ನಾನು ಹೋಗಲ್ಲ. ಅದೂ ಹೋಗಲ್ಲ. ಅಮಾಸೆ ಇನ್ನಾ ಬಂದಿಲ್ಲ.”

ಇಂಥ ಕಡೆ ಹೆಂಗಸರು, ನಾಯಿ ಹೋದರೆ ನಾನೂ ಹೋಗುತ್ತೇನೆ ಎಂದು ಹೆದರಿಸುತ್ತಾರೆ. ಮೂಗಮ್ಮ ಇರುತ್ತೇನೆ ಎಂದು ಹೆದರಿಸಿದಳು. ಹೋಗುವವರಿಗೆ ದಾರಿ ಬಿಡಬಹುದು. ಇರುತ್ತೇನೆ ಅನ್ನುವವರಿಗೆ ಏನು ಮಾಡಬೇಕೆಂದು ಯರ್ರಮ್ಮನಿಗೆ ತಿಳಿಯಲಿಲ್ಲ.

ಗಾದ್ರಪ್ಪನ ಕೈ ಬಾತಿದ್ದರಿಂದ ಕುರಿ ಹೊಡೆದುಕೊಂಡು ಕಾವಲಿಗೆ, ಊರಾಚೆಯ ಹುಲ್ಲುಬಯಲಿಗೆ, ಹೋಗುವ ಕೆಲಸ ಮೂಗಮ್ಮನದಾಯಿತು. ಎರಡೂ ನಾಯಿಗಳನ್ನು ಕರೆದುಕೊಂಡೇ ಹೋದಳು. ಮನೆಯ ಅಂಗಳ ಸರ್ದಾರನದು. ಅಲ್ಲಿ ಬೊಲ್ಲ ಎಂದೆಂದಿಗೂ ಕಳ್ಳ. ಕಾವಲಿನ ಹುಲ್ಲು ಯಾರಪ್ಪನದೂ ಅಲ್ಲ. ಎಡಗೈಯಲ್ಲಿ ಒಂದರ ಹಗ್ಗ, ಬಲಗೈಯಲ್ಲಿ ಇನ್ನೊಂದರದ್ದು, ನಡುವೆ ತಾನು, ಮುಂದೆ ಕುರಿ. ಎದುರುಬದುರು ನಿಂತರೆ ಕಚ್ಚಾಡುವ ನಾಯಿಗಳು ಒಂದೇ ದಿಕ್ಕಿಗೆ ಮುಖ ಹಾಕಿ ನಡೆದರೆ ಬರೀ ನಡೆಯುತ್ತವೆ ಎಂಬುದು ಅವಳಿಗೆ ಅಲ್ಲಿ ಗೊತ್ತಾಯಿತು. ಒಂದು ಇನ್ನೊಂದನ್ನು ದುರುಗುಟ್ಟಿ ನೋಡಿತೋ, ತಾನು ಬೇರೆ ಕಡೆ ತಿರುಗಿ ಎರಡನ್ನೂ ತಿರುಗಿಸುತ್ತಿದ್ದಳು. ಕೂತಾಗ ದೂರ ದೂರ ಗೂಟ ಬಡಿದು ಕಟ್ಟುತ್ತಿದ್ದಳು. ಅದರ ರೊಟ್ಟಿ ಅದಕ್ಕೆ, ಇದರದ್ದು ಇದಕ್ಕೆ. ಒಂದನ್ನು ಸವರಿದರೆ ಇನ್ನೊಂದರ ಗಂಟಲಲ್ಲಿ ಗುರ್ರೆನ್ನುತ್ತಿತ್ತು, ಅದಕ್ಕೆ ಯಾವುದನ್ನೂ ಸವರಲಿಲ್ಲ. ಬೊಲ್ಲನಿಗೆ ತೆಲುಗು, ಸರ್ದಾರನಿಗೆ ಕನ್ನಡ. ಬೈಗುಳ ಮಾತ್ರ ಇಬ್ಬರಿಗೂ ಒಂದೇ.

ಇದಕ್ಕೆ ಬೆಲೆ ತೆತ್ತಳು. ಎರಡೂ ಕೈಯಲ್ಲಿ ಹಗ್ಗವಿದ್ದ ಒಂದು ಬೆಳಿಗ್ಗೆ, ಹಿಂದೆ ಉಳಿದ ಕುರಿಯೊಂದು ಪೊದೆಯ ಮರೆಯಲ್ಲಿ ಈದದ್ದು ಅವಳಿಗೆ ಗೊತ್ತಾಗಲಿಲ್ಲ. ತಿರುಗಿ ಹೋಗಿ ನೋಡುವಷ್ಟರಲ್ಲಿ ಕಾಗೆಗಳು ಮರಿಯ ಎರಡೂ ಕಣ್ಣು ಕುಕ್ಕಿದ್ದವು. ಮರಿ ಅವಳ ಮಡಿಲಲ್ಲೇ ಸತ್ತಿತು. ಸತ್ತ ಮರಿಯನ್ನು ಹೊತ್ತು ತಂದು ಅಂಗಳದಲ್ಲಿ ಇಟ್ಟಳು. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಯರ್ರಮ್ಮ ಬೀದಿಗೆ ಕೇಳುವ ಹಾಗೆ, ಕಾಲಿಟ್ಟ ಗಳಿಗೆ, ಹೊಸ್ತಿಲು ತುಳಿದ ರೀತಿ ಎಲ್ಲವನ್ನೂ ಎತ್ತಿ ಆಡಿದಳು. ಗಾದ್ರಪ್ಪ ಮರಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಗುದ್ದಲಿ ತರಲು ಒಳಗೆ ಹೋದ. ಮರುದಿನ ಬೆಳಿಗ್ಗೆ ಮೂಗಮ್ಮ ಮತ್ತೆ ಎರಡೂ ಹಗ್ಗ ಹಿಡಿದು ಹೊರಟಳು.

ಕಥೆಗಳಲ್ಲಾದರೆ ಈಗ ಒಂದು ತೋಳ ಬರಬೇಕು, ಎರಡೂ ನಾಯಿ ಸೇರಿ ಅದನ್ನು ಓಡಿಸಿ ಗೆಳೆಯರಾಗಬೇಕು. ಯಾವ ತೋಳವೂ ಬರಲಿಲ್ಲ. ಬಂದದ್ದು ಬಿಸಿಲು. ಕುದಾಪುರದ ಕಡೆ ಸರ್ಕಾರಿ ಸಂಸ್ಥೆಗಳ ಕ್ಯಾಂಪಸ್ಸುಗಳ ಗೋಡೆ ಎದ್ದ ಮೇಲೆ ಮೇವಿನ ದಾರಿ ಗೋಡೆಗುಂಟ ಹೋಗುತ್ತದೆ. ಅಲ್ಲಿ ಮರವಿಲ್ಲ. ಮಧ್ಯಾಹ್ನ ತಿರುಗುವ ಹೊತ್ತಿಗೆ ಗೋಡೆಯ ಬುಡದಲ್ಲಿ ಒಂದು ಗೇಣು ನೆರಳು ಬೀಳುತ್ತದೆ, ಅಷ್ಟೆ. ಆ ನೆರಳಿಗೆ ಬೊಲ್ಲ ಬಂದು ಗೋಡೆಗೆ ಬೆನ್ನು ಕೊಟ್ಟು ಮಲಗಿತು. ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಂತು ನಾಲಗೆ ಜೋಲುಬಿಟ್ಟ ಸರ್ದಾರ, ಅದರ ಬಾಲದಿಂದ ಒಂದು ಮಾರು ಬಿಟ್ಟು ತಾನೂ ಗೋಡೆಗೆ ಬೆನ್ನು ಕೊಟ್ಟಿತು. ಒಂದನ್ನೊಂದು ನೋಡಲಿಲ್ಲ. ಮೂಗಮ್ಮ ಎರಡೂ ಹಗ್ಗ ಹಿಡಿದು ಅಲುಗದೆ ಕೂತಳು. ಗೋಡೆಯ ಮೂಲೆಯಿಂದ ಕಾವಲುಗಾರನೊಬ್ಬ ಸೀಟಿ ಊದಿ, ಇಲ್ಲಿಂದ ಎಬ್ಬಿಸು ಎಂದು ಕೈಬೀಸಿದ. ಎರಡೂ ನಾಯಿಗಳು ಮಲಗಿದಲ್ಲಿಂದಲೇ ಅವನನ್ನು ನೋಡಿ ಬೊಗಳಿದವು. ಅವನು ಸೀಟಿ ಜೇಬಿಗೆ ಹಾಕಿಕೊಂಡು ಹೋದ.

ಅದಾದ ಮೇಲೆ ಹಗ್ಗ ಸಡಿಲಿಸಿದಳು, ನೆಲದ ಮೇಲೆ ಎಳೆದಾಡಲು ಬಿಟ್ಟಳು, ಕೊನೆಗೆ ಬಿಚ್ಚಿದಳು. ಮನೆಗೆ ಬಂದಾಗಲೂ ಲೆಕ್ಕ ತಪ್ಪಲಿಲ್ಲ. ಹೊಸ್ತಿಲು ಸರ್ದಾರನದು, ಕುರಿರೊಪ್ಪದ ಬಾಯಿ ಬೊಲ್ಲನದು. ಪ್ರೀತಿ ಹುಟ್ಟಲಿಲ್ಲ. ಹುಟ್ಟಬೇಕೆಂದು ಅವಳು ಕೇಳಿಕೊಂಡೂ ಇರಲಿಲ್ಲ.

ಅಮಾವಾಸ್ಯೆಯ ದಿನ ಅವಳು ಕುರಿ ತಿರುಗಿಸಿಕೊಂಡು ಬರುವ ಹೊತ್ತಿಗೆ ವೀರೇಶನ ಬೈಕು ಮನೆ ಮುಂದೆ ನಿಂತಿತ್ತು. ಹ್ಯಾಂಡಲಿಗೆ ಸರಪಳಿ ಸುತ್ತಿತ್ತು. ಅಕ್ಕಪಕ್ಕದವರು ಜಗುಲಿಗೆ ಬಂದಿದ್ದರು. ಅಂಗಳದ ನಟ್ಟನಡುವೆ ಯರ್ರಮ್ಮ ಒಂದು ಬೋಗುಣಿ ಇಟ್ಟಿದ್ದಳು. ಅದರಲ್ಲಿ ಮುದ್ದೆ, ಮೇಲೆ ಎಲುಬಿನ ಸಾರು, ಎದ್ದು ಕಾಣುವ ಹಾಗೆ ಒಂದೇ ಒಂದು ದೊಡ್ಡ ಎಲುಬು. ನಾಯಿಯಲ್ಲ, ಸಾಧುಗಳು ಕೂತರೂ ಜಗಳವಾಗುವಂಥ ಬಡಿಸುವಿಕೆ.

ಎರಡೂ ನಾಯಿಗಳ ಮೂಗು ಎದ್ದಿತು. ಕಿವಿ ನಿಮಿರಿದವು.

“ಆಡ್ನೇ ಉಂಡು,” ಎಂದಳು ಮೂಗಮ್ಮ. ಅಲ್ಲೇ ಇರು ಎಂಬ ತೆಲುಗು ಮಾತಿಗೆ ಬೊಲ್ಲ ರೊಪ್ಪದ ಬಾಯಲ್ಲಿ ನಿಂತಿತು. ಸರ್ದಾರ ಬೋಗುಣಿಯ ಕಡೆ ಎರಡು ಹೆಜ್ಜೆ ಇಟ್ಟಿತ್ತು. ಅವಳು ನಾಯಿಗಿಂತ ಮುಂಚೆ ಹೋಗಿ ಬೋಗುಣಿ ಎತ್ತಿ ಸೊಂಟಕ್ಕಿಟ್ಟುಕೊಂಡಳು.

“ಇಡು ಕೆಳಗೆ,” ಅಂದಳು ಯರ್ರಮ್ಮ. “ಒಂದ್ರಾಗೆ ತಿನ್ಬೇಕು ಅಂತ ಮಾತಾಗೈತೆ.”

“ಮಾತು ನಿಂದು. ನಾನು ಒಪ್ಪಿಲ್ಲ.”

“ಒಂದ್ರಾಗೆ ತಿನ್ದೆ ಇದ್ದೋವು ಹೊಂದ್ಕೊಂಡವೆ ಅಂತ ಯಾರು ನಂಬ್ತಾರೆ?”

ಮೂಗಮ್ಮ ಜಗುಲಿಯವರನ್ನೂ ಒಮ್ಮೆ ನೋಡಿದಳು. “ನಾನು ಬಂದಾಗಿಂದ ನನ್ನ ತಟ್ಟೆ ಹಿತ್ಲ ಗೂಡ್ನಾಗೆ ಐತಕ್ಕ. ನಿನ್ನ ತಟ್ಟೆ ಜೊತಿಗೆ ತೊಳ್ಯಾಕೂ ಬಿಡಲ್ಲ ನೀನು. ಆದ್ರೂ ನಾನು ನಿನ್ನ ಕಚ್ಚಿಲ್ಲ, ನೀನು ನನ್ನ ಕಚ್ಚಿಲ್ಲ. ನಮಗಿಲ್ದಿರೋ ಕಾಯ್ದೆ ನಾಯಿಗ್ಯಾಕೆ?”

ವೀರೇಶ ಬೈಕಿನ ಮೇಲೆ ಕೂತಲ್ಲಿಂದ, “ಅದು ನಿಜ ಬಿಡಕ್ಕಯ್ಯ, ನಮ್ಮನೇಲಿ ಅಣ್ತಮ್ಮಂದಿರೇ ಒಂದು ತಟ್ಟೇಲಿ ಉಣ್ಣಲ್ಲ,” ಅಂದ.

“ಲೇ ಗಾದ್ರ,” ಎಂದು ಯರ್ರಮ್ಮ ತಮ್ಮನ ಕಡೆ ತಿರುಗಿದಳು. “ನೀನು ಹೇಳು. ಯಾರ ಮಾತು ನಡೀಬೇಕು ಈ ಮನ್ಯಾಗೆ?”

ಗಾದ್ರಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಅವನಿಗೆ ಈ ಸಲ ಇಬ್ಬರಿಗೂ ಹೂಂ ಅನ್ನಲು ಬರುವಂತಿರಲಿಲ್ಲ. ಬ್ಯಾಂಡೇಜಿನ ಕೈ ನೋಡಿಕೊಂಡ. ಆಮೇಲೆ ಒಳಗೆ ಹೋಗಿ ಒಂದು ಹಳೇ ಅಲ್ಯೂಮಿನಿಯಂ ತಟ್ಟೆ ತಂದು ಹೆಂಡತಿಯ ಮುಂದೆ ಹಿಡಿದ.

ಮೂಗಮ್ಮ ಅರ್ಧ ಅದಕ್ಕೆ ಸುರಿದಳು. ಎಲುಬನ್ನು ಕಲ್ಲಿನ ಮೇಲಿಟ್ಟು ಕೊಡಲಿಯ ಹಿಂಬದಿಯಿಂದ ಕುಟ್ಟಿ ಎರಡು ಮಾಡಿದಳು. ಬೋಗುಣಿ ಹೊಸ್ತಿಲ ಹತ್ತಿರ, ತಟ್ಟೆ ರೊಪ್ಪದ ಹತ್ತಿರ. ಮೊದಲು ಸರ್ದಾರನಿಗೆ ಬಾ ಎಂದಳು, ಆಮೇಲೆ ಬೊಲ್ಲನಿಗೆ ರಾ ಎಂದಳು. ಎರಡೂ ಒಂದಕ್ಕೊಂದು ಬೆನ್ನು ಹಾಕಿ ತಿಂದವು. ಜಗುಲಿಯವರು ನೋಡುವುದಕ್ಕೇನೂ ಇಲ್ಲವೆಂದು ಒಬ್ಬೊಬ್ಬರೇ ಒಳಗೆ ಹೋದರು. ವೀರೇಶ ಸರಪಳಿಯನ್ನು ಗಲಗಲ ಅನ್ನಿಸುತ್ತ ಬೇರೆ ನಾಯಿ ಹುಡುಕಿಕೊಂಡು ಹೋದ.

ಯರ್ರಮ್ಮ ಆ ಸಂಜೆಯೇ ಸೀರೆಗಳನ್ನು ಗಂಟು ಕಟ್ಟಿ ಕುದಾಪುರದ ಮಗಳ ಮನೆಗೆ ಹೊರಟಳು. ಗಾದ್ರಪ್ಪ ಬೇಡವೆಂದು ಬಸ್ಸಿನ ತನಕ ಹಿಂದೆ ಹೋದ. ಮೂಗಮ್ಮ, ಇರಕ್ಕ, ಹೋಗು ಅಂತ ನಾನು ಅಂದಿಲ್ಲ ಎಂದು ಒಂದು ಸಲ ಹೇಳಿದಳು. ಎರಡನೇ ಸಲ ಹೇಳಲಿಲ್ಲ. ಒಲೆ ಹೊತ್ತಿಸಲು ಒಳಗೆ ಹೋದಳು.

ಆ ಅಮಾವಾಸ್ಯೆಯ ತನಕ ಆ ಮನೆಯಲ್ಲಿ ಹೋದದ್ದು ಇಷ್ಟು: ಒಂದು ಕಿವಿಯ ಅರ್ಧ, ಒಂದು ಕೋರೆಹಲ್ಲು, ಒಂದು ಉಗುರು, ಒಂದು ಕುರಿಮರಿ, ಒಬ್ಬ ಅಕ್ಕ.